ಬನ್ನಿ, ಎಲ್ಲರೂ ಓಡೋಣ

ಜನವರಿ 5, ಸೋಮವಾರ

ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ. ಬೆಳಿಗ್ಗೆ ನಾನು ಹೊರಡುವಾಗ ಆಸಾಮಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಸಂಜೆ ಬಂದು ನೋಡಿದರೆ ಅದೇ ಕುರ್ಚಿ, ಅದೇ ಶಾಲು, ಅದೇ ಗೋಡೆಯ ಕಡೆ ಮುಖ. ಮೇಜಿನ ಮೇಲೆ ಮುಚ್ಚಿಟ್ಟು ಹೋಗಿದ್ದ ಊಟವನ್ನು ಮುಟ್ಟಿಯೂ ಇರಲಿಲ್ಲ.

ಹೌದು, ಏಕವಚನವೇ. ಮದುವೆಯಾದಾಗಿನಿಂದ ಬಾಯಿತುಂಬ ಬಹುವಚನ ಕೊಟ್ಟಿದ್ದೇನೆ, ನಾಳೆ ಬೆಳಿಗ್ಗೆ ಎದ್ದು ಮತ್ತೆ ಕೊಡುತ್ತೇನೆ. ಇಲ್ಲಿ ಮಾತ್ರ ಕೊಡುವುದಿಲ್ಲ. ಬಹುವಚನ ಬೇಕೆನ್ನುವ ಗಂಡ ಬದುಕುವ ಮನಸ್ಸನ್ನಾದರೂ ಮಾಡಬೇಕು. ನನ್ನ ಪುಸ್ತಕ, ನನ್ನ ಸಿಟ್ಟು.

ಎದೆ ಕೊಯ್ದು ಹೊಲಿದ ಡಾಕ್ಟರು ಆಸ್ಪತ್ರೆಯಿಂದ ಕಳಿಸುವಾಗ ಹೇಳಿದ್ದು ಇಷ್ಟು: "ಹೊಲಿಗೆ ಹಾಕೋದು ನನ್ನ ಕೆಲ್ಸ, ಮುಗೀತು. ನಡೆಯೋದು ನಿಮ್ಮ ಕೆಲ್ಸ. ದಿನಾ ನಡೀಬೇಕು. ಕೂತೇ ಇದ್ರೆ ಮತ್ತೆ ನನ್ನ ಹತ್ರಾನೇ ಬರ್ತೀರ. ಆಗ ನನ್ನ ಕೈಯಲ್ಲಿ ಏನೂ ಇರಲ್ಲ." ಆಸಾಮಿ ವಿಧೇಯನಾಗಿ ತಲೆಯಾಡಿಸಿದ್ದ. ಅಂದಿನಿಂದ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ. ಅಷ್ಟೇ ನಡಿಗೆ.

ಕೆಳಗಿನ ಮನೆಯಲ್ಲಿ ನನ್ನ ನಾದಿನಿ ಇದ್ದಾಳೆ. ಒಡಹುಟ್ಟಿದ ಅಣ್ಣನ ಮೇಲೆ ಪ್ರಾಣ. "ಅಣ್ಣಂಗೆ ಸುಸ್ತಾಗುತ್ತೆ ಅತ್ತಿಗೆ, ಬಲವಂತ ಮಾಡ್ಬೇಡಿ," ಎಂದು ಇವತ್ತು ಇನ್ನೊಂದು ದಿಂಬು ತಂದುಕೊಟ್ಟಳು. ಕುರ್ಚಿಯಲ್ಲಿ ಈಗ ಆಸಾಮಿಗಿಂತ ದಿಂಬುಗಳೇ ಜಾಸ್ತಿ ಇವೆ.

ಜನವರಿ 8, ಗುರುವಾರ

ಮನೆಯಲ್ಲಿ ಆ ಮೌನ, ಗ್ರಂಥಾಲಯದಲ್ಲಿ ಈ ಗದ್ದಲ. ನಾನು ರಜೆಯಲ್ಲಿದ್ದಾಗ ಕಾರ್ಯಕ್ರಮ ಮಾಡಿಸಲೆಂದು ಒಬ್ಬ ಹುಡುಗಿಯನ್ನು ನೇಮಿಸಿದ್ದಾರೆ. ವಾರಕ್ಕೊಂದು ಚಟುವಟಿಕೆ, ಋತುವಿಗೊಂದು ಆಚರಣೆ. ಬಾಯಿ ತೆರೆದರೆ 'ಸಂಭ್ರಮ' ಎನ್ನುತ್ತಾಳೆ. ಓದುವ ಸಂಭ್ರಮ, ಬಣ್ಣ ಹಚ್ಚುವ ಸಂಭ್ರಮ, ಪುಸ್ತಕಕ್ಕೆ ರಟ್ಟು ಹಾಕುವ ಸಂಭ್ರಮ. ಅವಳಿಗೆ ಅದನ್ನೇ ಹೆಸರಾಗಿ ಇಟ್ಟುಬಿಟ್ಟೆ.

ಕಪಾಟುಗಳ ನಡುವೆ ಕಾಗದದ ನಕ್ಷತ್ರ ತೂಗುಬಿಟ್ಟಿದ್ದಾಳೆ. ದಿನಪತ್ರಿಕೆ ಓದಲು ಬರುವ ಎತ್ತರದವರೆಲ್ಲ ತಲೆ ತಗ್ಗಿಸಿಯೇ ಓಡಾಡಬೇಕು. ನನ್ನ ಕುರ್ಚಿಯ ಮೇಲೆ ಗೋಡೆಯಲ್ಲಿರುವ 'ದಯವಿಟ್ಟು ಶಬ್ಧ ಮಾಡಬೇಡಿ' ಫಲಕವನ್ನೂ ಬಿಟ್ಟಿಲ್ಲ, ಅದರ ಸುತ್ತ ಬಣ್ಣದ ದಾರ ಸುತ್ತಿದ್ದಾಳೆ. ಆ ಫಲಕ ನಾನೇ ನಿಂತು ಬರೆಸಿದ್ದು.

"ಮೇಡಂ, ತಿಂಗಳ ಕೊನೇ ಭಾನುವಾರ ಚಳಿಗಾಲದ ಸಂಭ್ರಮ ಮಾಡೋಣ. ಎಲ್ಲರೂ ಬೆಳಿಗ್ಗೆ ಬಂದು ಒಟ್ಟಿಗೆ ಕೂತು ಜೋರಾಗಿ ಓದೋದು. ಬಿಸಿ ಬಿಸಿ ಚಹಾ. ಗೇಟಿಗೆ ದೊಡ್ಡ ಬ್ಯಾನರ್."

"ಗ್ರಂಥಾಲಯದಲ್ಲಿ ಜೋರಾಗಿ ಯಾಕಮ್ಮಾ ಓದ್ಬೇಕು?"

"ಸಂಭ್ರಮ ಮೇಡಂ."

ಶಬ್ಧ ಎಂದರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಆದರೂ ಮನೆಗೆ ಬಂದು ಕೀಲಿ ತಿರುಗಿಸುವಾಗ ಒಳಗಿಂದ ಒಂದಾದರೂ ಶಬ್ಧ ಬರಲಿ ಎಂದು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ. ಬರಲಿಲ್ಲ.

ಜನವರಿ 13, ಮಂಗಳವಾರ

ಬ್ಯಾನರಿನ ಕರಡು ಮನೆಗೆ ತಂದಿದ್ದೆ. ಸಂಭ್ರಮ ಕಂಪ್ಯೂಟರಿನಲ್ಲಿ ಬರೆದು ಒಂದು ಹಾಳೆಯಲ್ಲಿ ತೆಗೆದುಕೊಟ್ಟದ್ದು. ನಾನೇ ನೋಡಿ ಕಳಿಸಬಹುದಿತ್ತು. ಆಸಾಮಿ ನಿವೃತ್ತಿಯವರೆಗೆ ಅಚ್ಚುಕೂಟದಲ್ಲಿ ಕರಡು ತಿದ್ದಿದವನು, ಹಳೆಯ ಕೆಲಸ ಕಣ್ಣೆದುರು ಬಂದರೆ ಕುರ್ಚಿಯಿಂದ ಎದ್ದಾನು ಎಂಬ ಆಸೆ ನನ್ನದು.

ಒಂದು ಕಾಲಕ್ಕೆ ಎಂಥ ಕಾಟ ಈ ಮನುಷ್ಯನದು. ಬಸ್ಸಿನ ಟಿಕೆಟ್ಟಿನಲ್ಲಿ ತಪ್ಪು, ಮಾತ್ರೆಯ ಪೊಟ್ಟಣದಲ್ಲಿ ತಪ್ಪು, ಊಟಕ್ಕೆ ಹೋದ ಹೋಟೆಲಿನ ಗೋಡೆಯ ಮೇಲೆ ತಪ್ಪು. ಮದುವೆ ನಿಶ್ಚಯವಾದ ಮೇಲೆ ನಾನು ನಾಚಿಕೆ ಬಿಟ್ಟು ಬರೆದ ಮೊದಲ ಪತ್ರವನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದ ಮಹಾತ್ಮ.

ಹಾಳೆ ಕೈಯಲ್ಲಿ ಹಿಡಿದ. ನೋಡಿದ. "ಸರಿಯಾಗಿದೆ," ಎಂದು ಹಿಂದಕ್ಕೆ ಕೊಟ್ಟು ಮತ್ತೆ ಗೋಡೆಯ ಕಡೆ ತಿರುಗಿದ.

"ಒಂದು ಅಲ್ಪವಿರಾಮಾನೂ ಹಾಕಲ್ವಾ?" ಎಂದೆ. ಶಾಲನ್ನು ಇನ್ನಷ್ಟು ಎಳೆದುಕೊಂಡ. ಹೊರಗೆ ಬಂದು ಪಾತ್ರೆ ತೊಳೆದೆ. ಒಂದು ಬಟ್ಟಲು ಒಡೆಯಿತು, ಒಡೆಯಲಿ.

ಜನವರಿ 21, ಬುಧವಾರ

ಇವತ್ತು ಏನೇನೋ ಆಗಿಹೋಯಿತು. ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಗ್ರಂಥಾಲಯದ ಗೇಟಿನ ಮುಂದೆ ಎದುರಿನ ಶಾಲೆಯ ಡ್ರಿಲ್ ಮಾಸ್ತರು ಸೊಂಟಕ್ಕೆ ಕೈಯಿಟ್ಟು ನಿಂತು ಬ್ಯಾನರ್ ನೋಡುತ್ತಿದ್ದರು. "ಒಳ್ಳೇ ಕೆಲ್ಸ ಮಾಡ್ತಿದ್ದೀರಿ ಮೇಡಂ. ಎಲ್ಲಿಂದ ಎಲ್ಲಿಗೆ ಓಟ?"

ತಲೆಯೆತ್ತಿ ನೋಡಿದೆ. ಗೇಟಿನ ಈ ಕಂಬದಿಂದ ಆ ಕಂಬದವರೆಗೆ, ಕುರುಡರಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ: 'ಚಳಿಗಾಲದ ಸಂಭ್ರಮ. ಬನ್ನಿ, ಎಲ್ಲರೂ ಓಡೋಣ.' ಓದೋಣ ಅಲ್ಲ, ಓಡೋಣ. ಸಣ್ಣ ಕರಪತ್ರಗಳಲ್ಲೂ ಅದೇ. ಅವು ಆಗಲೇ ಬೀದಿಬೀದಿಯ ಅಂಗಡಿಗಳಿಗೆ ಹೋಗಿಯಾಗಿತ್ತು. ಸಂಭ್ರಮ ಅಲ್ಲೇ ಅಳಲು ಶುರು ಮಾಡಿದಳು.

ಮನೆಗೆ ಫೋನ್ ಮಾಡಿದೆ.

"ಓದೋಣ ಅನ್ನೋದು ಓಡೋಣ ಆಗಿದೆ."

"ಇರಲ್ಲ," ಎಂದ ಆಸಾಮಿ. "ನಾನು ಹಾಗೆ ಬಿಟ್ಟಿರಲ್ಲ."

"ಬಿಟ್ಟಿದ್ದೀರಿ."

"ಪ್ರೆಸ್ಸಿನೋರು ಕೆಡಿಸಿರ್ತಾರೆ."

"ನೀವು ನೋಡಿ ಸರಿಯಾಗಿದೆ ಅಂದ ಹಾಳೆ ನನ್ನ ಕೈಯಲ್ಲೇ ಇದೆ. ಅದರಲ್ಲೂ ಡ ಇದೆ. ನಂಬಿಕೆ ಇಲ್ದಿದ್ರೆ ಬಂದು ನೋಡಿ." ಫೋನ್ ಕುಕ್ಕಿದೆ. ಬರಲಿ ಎಂದು ಹೇಳಿದ್ದಲ್ಲ, ಸಿಟ್ಟಿಗೆ ಹೇಳಿದ್ದು.

ಬಂದ. ಮನೆಯಿಂದ ಎರಡು ಬೀದಿ ದಾಟಿ, ಸ್ವೆಟರನ್ನು ತಿರುಗುಮುರುಗು ಹಾಕಿಕೊಂಡು, ಮನೆಯೊಳಗಿನ ಚಪ್ಪಲಿಯಲ್ಲೇ ನಡೆದು ಬಂದ. ಹಿಂದೆ ನಾದಿನಿ ಶಾಲು, ನೀರಿನ ಬಾಟಲಿ ಹಿಡಿದು ಓಡೋಡಿ ಬರುತ್ತಿದ್ದಳು. ದಾರಿಯಲ್ಲಿ ಬೇಕರಿಯ ಮೆಟ್ಟಿಲ ಮೇಲೆ ಒಮ್ಮೆ ಕೂತು ಎದ್ದನಂತೆ. ಬ್ಯಾನರ್ ನೋಡಿದ. ಒಳಗೆ ಬಂದು, ಹಾಳೆ ಕೊಡು ಎಂದು ಕೈಚಾಚಿದ. ಹಾಳೆಯನ್ನು ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದರು.

"ನಾನು ಇದನ್ನ ಓದಲೇ ಇಲ್ಲ," ಎಂದರು. "ಕಣ್ಣು ಹಾಯಿಸಿದೆ ಅಷ್ಟೇ. ತಪ್ಪಿದ್ರೆ ಇರಲಿ, ಇನ್ಯಾಕೆ ಅನ್ನಿಸ್ತು."

ಇನ್ಯಾಕೆ. ಆ ಮಾತು ಕೇಳಿ ನನಗೆ ಏನಾಯಿತೋ ಗೊತ್ತಿಲ್ಲ. ವಾಚನಾಲಯದ ತುಂಬ ಜನ ಕೂತಿದ್ದರು. ಅಷ್ಟು ಜನರ ಮುಂದೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಬೇಡಿಕೊಂಡಿದ್ದು ಈ ಇನ್ಯಾಕೆ ಕೇಳೋದಕ್ಕಾ ಎಂದೆ. ಸಾಯೋ ಹಾಗಿದ್ರೆ ಅಲ್ಲೇ ಸಾಯ್ಬಹುದಿತ್ತಲ್ಲ ಎಂದೂ ಅಂದೆ. ಪತ್ರಿಕೆ ಓದುತ್ತಿದ್ದವರೆಲ್ಲ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು.

ಇವರು ಮಾತ್ರ ನನ್ನನ್ನು ನೋಡಲಿಲ್ಲ. ನನ್ನ ತಲೆಯ ಮೇಲಿನ ಗೋಡೆ ನೋಡುತ್ತಿದ್ದರು.

"ಮೊದಲು ಆ ಬೋರ್ಡು ಯಾರು ಬರೆಸಿದ್ದು ಹೇಳು. ಶಬ್ದಕ್ಕೆ ಮಹಾಪ್ರಾಣ ಎಲ್ಲಿಂದ ಬಂತು? ದ ಸಾಕು. ಧ ಅಲ್ಲ. ಅಲ್ಪಪ್ರಾಣ."

ಎಲ್ಲರೂ ಪತ್ರಿಕೆ ಕೆಳಗಿಳಿಸಿ ಫಲಕ ನೋಡಿದರು. ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಬರೆಸಿದ ಫಲಕ ಅದು. ಇವರು ನನ್ನ ಗ್ರಂಥಾಲಯದ ಒಳಗೆ ಕಾಲಿಟ್ಟದ್ದು ಇವತ್ತೇ ಮೊದಲು. ಅಷ್ಟು ಕಾಲ ಅದರ ಕೆಳಗೆ ಕೂತು ಊರಿಗೆಲ್ಲ ಬುದ್ಧಿ ಹೇಳಿದ್ದೇನೆ.

"ಪ್ರಾಣದ ವಿಷಯ ನೀವು ಮಾತಾಡ್ಬೇಡಿ," ಎಂದೆ.

ಇವರು ನಾದಿನಿಯ ಕೈಯಿಂದ ನೀರು ತೆಗೆದುಕೊಂಡು ಕುಡಿದರು, ಬಾಟಲಿ ಪೂರ್ತಿ.

ಜನವರಿ 25, ಭಾನುವಾರ

ಜನ ಬೂಟು ಹಾಕಿಕೊಂಡು ಬಂದುಬಿಟ್ಟರು. ಬ್ಯಾನರ್ ಇಳಿಸಿದ್ದೆವು, ಕರಪತ್ರ ಯಾರ ಕೈಯಿಂದ ಕಿತ್ತುಕೊಳ್ಳುವುದು? ಹೊಲಿಗೆ ಕಾರ್ಖಾನೆಯ ಹೆಂಗಸರು ಗುಂಪಾಗಿ, ಔಷಧಿ ಅಂಗಡಿಯವರು ಸಂಸಾರ ಸಮೇತ, ಮುಂದೆ ಡ್ರಿಲ್ ಮಾಸ್ತರು ಕೊರಳಲ್ಲಿ ಸೀಟಿ ನೇತುಹಾಕಿಕೊಂಡು. ಓದಲು ಬಂದವರು ಬೆರಳೆಣಿಕೆಯಷ್ಟು.

ಸಂಭ್ರಮ ನನ್ನ ಸೆರಗು ಹಿಡಿದುಕೊಳ್ಳುವುದೊಂದು ಬಾಕಿ. "ಏನ್ ಹೇಳಿ ಕಳ್ಸೋದು ಮೇಡಂ?"

"ಯಾರನ್ನೂ ಕಳ್ಸೋದು ಬೇಡ. ಓಡೋಕೆ ಬಂದಿದ್ದಾರೆ, ಓಡಲಿ. ಸುತ್ತು ಹೊಡೆದು ಬಂದೋರು ಒಳಗೆ ಕೂತು ಓದಲೇಬೇಕು. ಓದದೇ ಇದ್ದೋರಿಗೆ ಚಹಾ ಇಲ್ಲ." ಸಿಟ್ಟಲ್ಲಿ ಹೇಳಿದ್ದನ್ನು ಅವಳು ಮೆಗಾಫೋನಿನಲ್ಲಿ ಸಾರಿಬಿಟ್ಟಳು. ಜನ ಚಪ್ಪಾಳೆ ತಟ್ಟಿದರು.

ಇವರೂ ಬಂದಿದ್ದರು, ಗೇಟಿನ ಹೊರಗೆ ನಿಂತಿದ್ದರು. "ನಾನು ಬಿಟ್ಟ ತಪ್ಪಿಗೆ ಇಷ್ಟು ಜನ ಬೆವರು ಸುರಿಸಬೇಕಲ್ಲ," ಎಂದು ಗೊಣಗಿದರು. ಡ್ರಿಲ್ ಮಾಸ್ತರು ಸೀಟಿ ಊದಿದರು. ಎಲ್ಲರೂ ಹೋದ ಮೇಲೆ ಇವರು ನಿಧಾನಕ್ಕೆ ಅದೇ ದಾರಿ ಹಿಡಿದರು. ಬೇಕರಿಯ ತಿರುವಿನವರೆಗೆ ಹೋಗಿ ವಾಪಸು ಬರುವಷ್ಟರಲ್ಲಿ ಓಟದವರು ಪೂರ್ತಿ ಸುತ್ತು ಮುಗಿಸಿ ಬಂದಿದ್ದರು. ಮಾಸ್ತರು ಇವರಿಗೂ ಒಂದು ಸೀಟಿ ಊದಿದರು. ನನ್ನ ವಾಚನಾಲಯಕ್ಕೆ ಇಡೀ ಊರಿನ ಬೆವರಿನ ವಾಸನೆ.

ಮೊದಲು ಓದಿದ್ದು ಮಾಸ್ತರೇ. ಮಕ್ಕಳ ಪುಸ್ತಕ ಹಿಡಿದು, ಕವಾಯತಿನ ದನಿಯಲ್ಲಿ, "ಹಾಕಾಶದಲ್ಲಿ ಅಕ್ಕಿ ಹಾರುತ್ತಿತ್ತು."

"ಆಕಾಶ," ಎಂದರು ಇವರು ಹಿಂದಿನ ಸಾಲಿನಿಂದ. "ಅಕ್ಕಿ ಅಲ್ಲ, ಹಕ್ಕಿ. ಅಕ್ಕಿ ಹಾರಿದ್ರೆ ಊಟಕ್ಕೇನು ಮಾಡ್ತೀರಿ?"

ಇಡೀ ಕೋಣೆ ನಕ್ಕಿತು. ಮಾಸ್ತರೂ ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟೊಂದು ಚೆನ್ನಾಗಿ ಕೇಳಿಸುವ ಕಿವಿ, ಅಷ್ಟು ಚುರುಕಾದ ಬಾಯಿ ಇಟ್ಟುಕೊಂಡು ಇಷ್ಟು ದಿನ ಗೋಡೆ ನೋಡುತ್ತ ಕೂತಿದ್ದರಲ್ಲ ಎಂದು ಮೈ ಉರಿಯಿತು.

ಜನವರಿ 28, ಬುಧವಾರ

ಏಳುತ್ತಿಲ್ಲ. ಸೋಮವಾರದಿಂದ ಮತ್ತೆ ಅದೇ ಕುರ್ಚಿ. ಮುಖ ಬಿಳಿಚಿಕೊಂಡಿದೆ. "ಓಡಿಸಿದ್ರಲ್ಲ ಅತ್ತಿಗೆ," ಎಂದಳು ನಾದಿನಿ. ಅವಳಿಗೆ ಎರಡು ಮಾತು ಅನ್ನಬೇಕಿತ್ತು, ಅದನ್ನು ಬಿಟ್ಟು ಡಾಕ್ಟರಿಗೆ ಫೋನ್ ಮಾಡಿದೆ. ಭಯವಾಗಿತ್ತು.

ಡಾಕ್ಟರು ಮನೆಗೇ ಬಂದು ನೋಡಿದರು. ನಾಡಿ ಸರಿಯಿದೆ, ಹೊಲಿಗೆ ಸರಿಯಿದೆ. ಬಾಗಿಲವರೆಗೆ ಬಂದ ಮೇಲೆ ನನ್ನ ಹತ್ತಿರ ಹೇಳಿದರು: "ನಡೆದಿದ್ದಕ್ಕೆ ಏನೂ ಆಗಿಲ್ಲಮ್ಮ. ಅವತ್ತು ಯಾಕೆ ನಡೆದ್ರು, ಅದನ್ನ ಹುಡುಕಿ."

ಯಾಕೆ ನಡೆದರು ಎಂದರೆ ಸಿಟ್ಟಿಗೆ ನಡೆದರು. ಸಿಟ್ಟನ್ನು ಯಾವ ಅಂಗಡಿಯಿಂದ ತರಲಿ?

ಫೆಬ್ರವರಿ 3, ಮಂಗಳವಾರ

ಬೆಳಿಗ್ಗೆ ನಾನು ತಲೆ ಬಾಚುತ್ತಿದ್ದೆ. ಕುರ್ಚಿಯಿಂದ ದನಿ ಬಂತು.

"ಆ ಬೋರ್ಡು ತಿದ್ದಿಸಿದೆಯಾ?"

"ಇಲ್ಲ."

"ಯಾಕೆ?"

"ಪುರುಸೊತ್ತಿಲ್ಲ. ಇಷ್ಟು ವರ್ಷ ಯಾರೂ ಏನೂ ಅನ್ನಲಿಲ್ಲ. ಧ ಇದ್ರೆ ಏನಂತೆ?"

"ಏನಂತೆ ಅಂದ್ರೇನು?" ಶಾಲು ಕೆಳಗೆ ಬಿತ್ತು. "ಗ್ರಂಥಾಲಯದಲ್ಲಿ ಕೂತು ಏನಂತೆ ಅಂತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

ನಾನು ಚೀಲ ತೆಗೆದುಕೊಂಡು ಹೊರಟೆ. ಮಧ್ಯಾಹ್ನಕ್ಕೆ ಇವರು ಹಾಜರು. ನಿಜವಾಗಿಯೂ ತಿದ್ದಿಸಿಲ್ಲವೋ ನೋಡಲು ಬಂದರಂತೆ. ನಾಳೆಯೊಳಗೆ ಆಗಬೇಕು ಎಂದು ಹುಕುಂ ಮಾಡಿ, ಪತ್ರಿಕೆಗಳನ್ನು ತಿರುವಿಹಾಕಿ, ಮುಖಪುಟದಲ್ಲೇ ಎರಡು ತಪ್ಪು ಕಂಡುಹಿಡಿದು ಬೈದು ಹೋದರು.

ಸಂಭ್ರಮ ಮೆಲ್ಲಗೆ ಬಂದಳು. "ಮೇಡಂ, ಹೊಸ ಬೋರ್ಡು ನಾನೇ ಮಾಡಿಸ್ಲಾ? ಬೇಗ ಆಗುತ್ತೆ."

"ಮುಟ್ಟಿದ್ರೆ ನೋಡು," ಎಂದೆ. ಪಾಪ, ಬೆಚ್ಚಿದಳು. ಹಠಮಾರಿ ಮುದುಕಿ ಎಂದುಕೊಂಡಿರಬೇಕು. ಅಂದುಕೊಳ್ಳಲಿ.

ಫೆಬ್ರವರಿ 4, ಬುಧವಾರ

ಬಂದರು. ಬೈದರು. ಹೋದರು.

ಫೆಬ್ರವರಿ 11, ಬುಧವಾರ

ಫಲಕದ ಜಗಳ ಹಳತಾಗುತ್ತಿದೆ. ನಿನ್ನೆ ಬರಲಿಲ್ಲ. "ನೀನು ಉದ್ಧಾರ ಆಗಲ್ಲ, ಬಿಡು," ಎಂದರು.

ಹೊರಗಿನ ಕರಿಹಲಗೆಯ ಮೇಲೆ ಆಯಾ ದಿನದ ಕಾರ್ಯಕ್ರಮವನ್ನು ಬೆಳಿಗ್ಗೆ ಸೀಮೆಸುಣ್ಣದಲ್ಲಿ ಬರೆಯುವವಳು ನಾನು. ಇವತ್ತು ಅವಸರದಲ್ಲಿದ್ದೆ. 'ಹೊಸ ಪುಸ್ತಕಗಳ ಪ್ರದರ್ಷನ' ಎಂದು ಬರೆದುಬಿಟ್ಟೆ. ಬೇಕರಿಗೆ ಬಂದ ನಾದಿನಿ ಅದನ್ನು ಓದಿಕೊಂಡು ಹೋಗಿ ಮನೆಯಲ್ಲಿ ಹೇಳಿದಳಂತೆ, ಪ್ರದರ್ಶನ ಇದೆಯಂತೆ ಎಂದು. ಇವರು ನೋಡಲು ಬಂದವರು ಬಾಗಿಲಲ್ಲೇ ನಿಂತರು. ಒಳಗೆ ಬಂದು ಸೀಮೆಸುಣ್ಣ ಕೇಳಿದರು, ಕೊಟ್ಟೆ. ಹೊರಗೆ ಹೋಗಿ ತಿದ್ದಿದರು. ನಂತರ ಪ್ರದರ್ಶನವನ್ನೂ ಪೂರ್ತಿ ನೋಡಿದರು, ನಿಂತುಕೊಂಡೇ.

ಫೆಬ್ರವರಿ 12, ಗುರುವಾರ

'ವಿಷೇಶ ಉಪನ್ಯಾಸ.' ನನಗೂ ಇತ್ತೀಚೆಗೆ ಕಣ್ಣು ಅಷ್ಟು ಸರಿಯಿಲ್ಲ.

ಫೆಬ್ರವರಿ 20, ಶುಕ್ರವಾರ

ಬೆಳಿಗ್ಗೆ ಸಂಭ್ರಮ ಒರೆಸುವ ಬಟ್ಟೆ ಹಿಡಿದು ಕರಿಹಲಗೆಯ ಮುಂದೆ ನಿಂತಿದ್ದಳು. "ಮೇಡಂ, 'ಅಬ್ಯಾಸ' ಅಂತ ಆಗಿದೆ. ಅಭ್ಯಾಸ ಅಲ್ವಾ? ಒರೆಸ್ಲಾ?"

"ನಿನಗೆ ಬೇರೆ ಕೆಲ್ಸ ಇಲ್ವಾ?"

ನನ್ನ ಮುಖ ನೋಡಿದಳು, ಹಲಗೆ ನೋಡಿದಳು, ರಸ್ತೆಯ ಕಡೆ ನೋಡಿದಳು. ಬಟ್ಟೆ ಮಡಚಿ ಚೀಲಕ್ಕೆ ಹಾಕಿಕೊಂಡಳು. "ಇಲ್ಲ ಮೇಡಂ, ಚೆನ್ನಾಗೇ ಇದೆ," ಎಂದಳು. ಹುಡುಗಿ ಅಂದುಕೊಂಡಷ್ಟು ದಡ್ಡಿಯಲ್ಲ. ಆದರೆ ಆ ನಕ್ಷತ್ರಗಳನ್ನು ಇನ್ನೂ ತೆಗೆದಿಲ್ಲ.

ಮಧ್ಯಾಹ್ನ ಇವರು ಬಂದು ಭ ಬರೆದರು. ಜೊತೆಗೆ ಬಂದಿದ್ದ ನಾದಿನಿ ಬೆಂಚಿನ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತ, "ಅಣ್ಣನ ಜೊತೆ ನಡೆದು ನನ್ನ ಕಾಲು ಹೋಯ್ತು ಅತ್ತಿಗೆ, ಸ್ವಲ್ಪ ನಿಧಾನಕ್ಕೆ ನಡೀರಿ ಅಂತ ನೀವಾದ್ರೂ ಹೇಳಿ," ಎಂದಳು. ಹೇಳುವುದಿಲ್ಲ. ಸತ್ತರೂ ಹೇಳುವುದಿಲ್ಲ.

ಮಾರ್ಚ್ 4, ಬುಧವಾರ

ವಸಂತದ ಸಂಭ್ರಮವಂತೆ. ಮತ್ತೆ ಕಾಗದ, ಮತ್ತೆ ದಾರ, ಈ ಸಲ ಹೂವು. ಡ್ರಿಲ್ ಮಾಸ್ತರು, ಹೊಲಿಗೆ ಕಾರ್ಖಾನೆಯ ಹೆಂಗಸರು ಎಲ್ಲ ಸೇರಿ, ಓಟ ಇಲ್ಲದಿದ್ದರೆ ಬರುವುದಿಲ್ಲ ಎಂದಿದ್ದಾರೆ. ಬ್ಯಾನರಿಗೆ ಸಂಭ್ರಮ ಹೊಸ ಮಾತು ಬರೆದಿದ್ದಾಳೆ: 'ಬನ್ನಿ ಓಡೋಣ, ಬಂದು ಓದೋಣ.'

ಕರಡನ್ನು ಇವರಿಗೆ ಕೊಟ್ಟೆ. ಕನ್ನಡಕ ಒರೆಸಿ ಹಾಕಿಕೊಂಡರು. ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ಓದಿದರು. ಹಾಳೆ ತಿರುಗಿಸಿ, ಖಾಲಿ ಇದ್ದ ಬೆನ್ನನ್ನೂ ನೋಡಿದರು. ಚಹಾ ಆರುತ್ತದೆ ಎಂದು ನಾನು ಕೂಗಿದರೆ, "ಸುಮ್ನಿರು ಮಾರಾಯ್ತಿ, ಕೆಲ್ಸ ಮಾಡ್ತಿದ್ದೀನಿ," ಎಂದು ಗದರಿದರು. ನನಗೇ ಗದರುತ್ತಾರೆ, ಎಷ್ಟು ಕೊಬ್ಬು.

ಕುರ್ಚಿಯಿಂದ ದಿಂಬುಗಳನ್ನು ತೆಗೆದು ನಾದಿನಿಗೆ ವಾಪಸು ಕೊಟ್ಟೆ. ಮನೆಯಲ್ಲಿ ಜಾಗ ಸಾಲದು.

ಮಾರ್ಚ್ 14, ಶನಿವಾರ

ಸಂಜೆ ಗ್ರಂಥಾಲಯ ಮುಚ್ಚಿ ಇಬ್ಬರೂ ಒಟ್ಟಿಗೆ ಹೊರಟೆವು. ನಾಳೆಯ ಸಂಭ್ರಮಕ್ಕೆ ಬ್ಯಾನರ್ ಕಟ್ಟಿಯಾಗಿತ್ತು. ಇವರು ಅದರ ಕೆಳಗೆ ನಿಂತು ಇನ್ನೊಮ್ಮೆ ಓದಿಕೊಂಡರು. ಬೇಕರಿಯ ತಿರುವಿನಲ್ಲಿ, ಮೊದಲ ದಿನ ಕೂತು ಎದ್ದಿದ್ದ ಮೆಟ್ಟಿಲ ಹತ್ತಿರ, ಸಹಜವಾಗಿ ಹೇಳಿದರು:

"ಇವತ್ತಿನದು ತೀರಾ ಸುಲಭ ಇತ್ತು ಕಣೆ. ಶ ಷ ಎಲ್ಲ ಶಾಲೆ ಮಕ್ಕಳಿಗೆ. ಸೋಮವಾರ ಸ್ವಲ್ಪ ಕಷ್ಟದ್ದು ಹಾಕು."

ನಾನು ನಡುರಸ್ತೆಯಲ್ಲಿ ನಿಂತುಬಿಟ್ಟೆ.

"ಯಾವಾಗಿಂದ ಗೊತ್ತು?"

"ಜೀವಮಾನ ಪೂರ್ತಿ ಕರಡು ತಿದ್ದಿದೋನಿಗೆ ಕೈತಪ್ಪು ಯಾವುದು, ಬೇಕಂತ ಮಾಡಿದ್ದು ಯಾವುದು ಅಂತ ಗೊತ್ತಾಗಲ್ವಾ?"

"ಗೊತ್ತಿದ್ದೂ ಯಾಕೆ ಬರ್ತಿದ್ರಿ?"

ಬೇಕರಿಯ ಮೆಟ್ಟಿಲ ಕಡೆ ನೋಡುತ್ತ ಹೇಳಿದರು. "ನೀನು ತಪ್ಪು ಅಂದ್ರೆ ಸಹಿಸೋಳಲ್ಲ. ಅಂಥೋಳು ದಿನಾ ಬೆಳಿಗ್ಗೆ ಊರೋರ ಮುಂದೆ ತಪ್ಪು ಬರೆದಿಟ್ಟು ಕೂತಿರ್ತೀಯ. ಬರದೇ ಇರೋಕಾಗುತ್ತಾ?"

ಮೈಯೆಲ್ಲ ಬೆಂಕಿಯಾಯಿತು. ಊರಿನವರು ನನ್ನ ಬೆನ್ನ ಹಿಂದೆ ನಕ್ಕಿರಬಹುದು, ಶಾಲೆಯ ಮಕ್ಕಳು ಅದನ್ನು ನೋಡಿ ತಪ್ಪು ಕಲಿತಿರಬಹುದು, ಇವರು ಮಾತ್ರ ಒಳಗೊಳಗೇ ಮಜಾ ತೆಗೆದುಕೊಳ್ಳುತ್ತಿದ್ದರು. ಜೋರಾಗಿ ನಡೆದೆ, ಬೇಕೆಂದೇ ಜೋರಾಗಿ. ತಿರುಗಿ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಹಿಂದೆಯೇ ಅವರ ಬೂಟಿನ ಶಬ್ದ ಬರುತ್ತಿತ್ತು, ಮನೆಯ ಮೆಟ್ಟಿಲವರೆಗೂ ಬಂತು.

ಕಷ್ಟದ್ದು ಬೇಕಂತೆ. ದೊಡ್ಡ ನಿಘಂಟನ್ನು ಮೇಜಿನ ಮೇಲೆ ತೆಗೆದಿಟ್ಟುಕೊಂಡಿದ್ದೇನೆ. ಸೋಮವಾರ ಎಂಥ ತಪ್ಪು ಬರೆಯುತ್ತೇನೆಂದರೆ ಈ ಮಹಾನುಭಾವರು ಹಲಗೆಯ ಮುಂದೆ ಅರ್ಧ ದಿನ ನಿಂತು ತಲೆ ಕೆರೆದುಕೊಳ್ಳಬೇಕು, ಸಿಗದೆ ಮನೆಗೆ ಹೋಗಬೇಕು, ಸಿಗಲಿಲ್ಲವಲ್ಲ ಎಂದು ಮಂಗಳವಾರ ಮತ್ತೆ ಬರಬೇಕು.